ಬೆರಳಿಡದ ಟೇಪು

೧೯೯೫ರಲ್ಲಿ, ಎಂಟನೇ ತರಗತಿ ಅರ್ಧಕ್ಕೆ ಬಂದಾಗ, ನನ್ನ ಓದು ನಿಂತಿತು. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಂದು ಒಬ್ಬ ಉಸ್ತಾದರ ಟೈಲರ್ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕಲು ಕೂತೆ. ಇವತ್ತು ಈ ಸುತ್ತಿನಲ್ಲಿ ಖಾಕಿ, ಗಾರ್ಡುಗಳ ನೀಲಿ, ಹೀಗೆ ಯಾವ ಯೂನಿಫಾರಂ ಬೇಕಾದರೂ ಜನ ನನ್ನ ಅಂಗಡಿ ತೋರಿಸುತ್ತಾರೆ. ಅಳತೆಯಲ್ಲಿ ಇವನು ತಪ್ಪುವುದಿಲ್ಲ ಎಂಬ ಮಾತು ಪೇಟೆಯಲ್ಲಿದೆ. ಅದನ್ನು ಪುಕ್ಕಟೆಯಾಗಿ ಯಾರೂ ಕೊಡಲಿಲ್ಲ, ಬೆನ್ನು ಬಗ್ಗಿಸಿ ಸಂಪಾದಿಸಿದ್ದು. ಹೋದ ವರ್ಷ ಶೇಂಗಾ ಕೀಳುವ ಹಂಗಾಮಿನಲ್ಲಿ ಆ ಮಾತೇ ನನ್ನ ಕೊರಳಿಗೆ ಸುತ್ತಿಕೊಂಡಿತು.

ಹವಾಲ್ದಾರ ಸಾಯಂಕಾಲದ ಬಸ್ಸಿಗೆ ಬಂದಿಳಿದ. ಮೊಳಕಾಲ್ಮೂರಿನ ಶಾಲೆಯಲ್ಲಿ ಅವನೂ ನಾನೂ ಒಂದೇ ಬೆಂಚಿನವರು. ನಾನು ಶಾಲೆ ಬಿಟ್ಟೆ, ಅವನು ಪಿಯುಸಿ ಮುಗಿಸಿ ಸೇನೆಗೆ ಸೇರಿದ. ಎರಡು ತಿಂಗಳ ರಜೆಗೆ ಬಂದವನು ಮನೆಗೂ ಹೋಗದೆ, ಹೆಗಲ ಚೀಲದ ಸಮೇತ ಸೀದಾ ನನ್ನ ಅಂಗಡಿಗೆ ನುಗ್ಗಿದ.

"ಲೇ, ಪರದೆ ಎಳಿ."

"ಯಾಕಲೇ, ಈ ವಯಸ್ಸಿಗೆ ಮದುವೆ ಸೂಟೇನು?"

"ಎಳಿ ಅಂದ್ರೆ ಎಳಿಯಲೇ."

ಬಟ್ಟೆ ಹಾಕಿ ನೋಡುವ ಮೂಲೆಯ ಪರದೆ ಎಳೆದೆ. ಅವನು ಅಂಗಿ ಬಿಚ್ಚಿದ. ಹೊಟ್ಟೆ ಬಂದಿತ್ತು. ಓಡಾಟ ಇಲ್ಲದ ಸ್ಟೋರಿನ ಕೆಲಸಕ್ಕೆ ಹಾಕಿದ ಮೇಲೆ ಬಂದ ಹೊಟ್ಟೆ ಅದು. ಜೇಬಿನಿಂದ ನಾಲ್ಕು ಮಡಿಕೆಯ ಜೆರಾಕ್ಸ್ ಹಾಳೆ ತೆಗೆದು ನನ್ನ ಕತ್ತರಿಸುವ ಮೇಜಿನ ಮೇಲೆ ಹರವಿದ. ತುಂಬ ಅಂಕಿಗಳ ಕೋಷ್ಟಕ.

"ತೂಕ ನನ್ನ ಎತ್ತರಕ್ಕೆ ಇರಬೇಕಾದ್ದಕ್ಕಿಂತ ಜಾಸ್ತಿ ಬಂತು. ಹಂಗೆ ಜಾಸ್ತಿ ಬಂದೋರಿಗೆ ನಮ್ಮಲ್ಲಿ ಟೇಪು ಹಿಡೀತಾರೆ. ನಡ ಅಳೀತಾರೆ, ಕತ್ತು ಅಳೀತಾರೆ. ನಡದಾಗೆ ಕತ್ತು ಕಳೀಬೇಕು. ಉಳಿದಿದ್ದನ್ನ ಅವರವರ ಎತ್ತರದ ಸಾಲಿನಾಗೆ ನೋಡಿದ್ರೆ ಮೈಯಾಗೆ ನೂರಕ್ಕೆ ಎಷ್ಟು ಪಾಲು ಕೊಬ್ಬು ಐತೆ ಅಂತ ಬರ್ತೈತೆ. ನಂದು ಇಪ್ಪತ್ತಾರು ಬಂತು. ಇಪ್ಪತ್ತೆರಡು ದಾಟಬಾರದು."

"ಕತ್ತು ಯಾಕಲೇ ಕಳೀಬೇಕು?"

"ಕತ್ತು ದಪ್ಪ ಇದ್ರೆ ಕಸುವು ಅಂತ ಲೆಕ್ಕ. ಹೊಟ್ಟೆ ದಪ್ಪ ಇದ್ರೆ ಬೊಜ್ಜು ಅಂತ ಲೆಕ್ಕ."

ರಜೆ ಮುಗಿಸಿ ಹೋದ ಕೂಡಲೇ ಅವನಿಗೆ ಮತ್ತೆ ಟೇಪು ಹಿಡಿಯುತ್ತಾರೆ. ಆಗಲೂ ದಾಟಿದರೆ ಬಡ್ತಿಯ ಕೋರ್ಸಿಗೆ ಹೆಸರು ಹೋಗುವುದಿಲ್ಲ. ಕೋರ್ಸಿಗೆ ಹೋಗದಿದ್ದರೆ ಮುಂದಿನ ವರ್ಷ ಟ್ರಂಕು ಕಟ್ಟಿಕೊಂಡು ಮನೆಗೆ ಬರುವುದೇ. "ಇಷ್ಟು ವರ್ಷ ಹಿಮದಾಗೆ, ಮರಳಿನಾಗೆ ನಿಂತೋನು, ಹೊಟ್ಟೆ ಬಂತು ಅಂತ ವಾಪಸ್ ಬಂದೆ ಅಂತ ಊರಾಗೆ ಹೆಂಗಲೇ ಹೇಳ್ಲಿ?" ಎಂದ. ಧ್ವನಿ ತಗ್ಗಿತ್ತು. ಊರಿಗೆ ಹೋಗುವ ಮೊದಲೇ ಗೊತ್ತಾಗಬೇಕು, ಅದಕ್ಕೇ ನಿನ್ನ ಹತ್ತಿರ ಬಂದೆ ಎಂದ.

ಕೊರಳಿನ ಟೇಪು ತೆಗೆದೆ. ಹಾಳೆಯಲ್ಲಿದ್ದದ್ದು ಸೆಂಟಿಮೀಟರು. ನಾನು ಮೂವತ್ತು ವರ್ಷ ಇಂಚಿನ ಕಡೆಯಲ್ಲೇ ಬದುಕಿದವನು, ಟೇಪಿನ ಹಿಂಬದಿಗೆ ಏನಿದೆ ಎಂದು ಸರಿಯಾಗಿ ನೋಡಿದವನಲ್ಲ. ತಿರುಗಿಸಿ ಹಿಡಿದೆ. ಕತ್ತು ಮೂವತ್ತೊಂಬತ್ತು. ನಡ ತೊಂಬತ್ತೊಂದು. ಕಳೆದರೆ ಐವತ್ತೆರಡು. ಅವನ ಎತ್ತರದ ಸಾಲಿನಲ್ಲಿ ಬೆರಳಿಟ್ಟು ಹೋದೆವು. ಐವತ್ತೆರಡರವರೆಗೆ ಇಪ್ಪತ್ತೆರಡರ ಒಳಗೆ. ಐವತ್ತೆರಡೂವರೆ ಆದರೆ ದಾಟಿತು.

"ಒಳಗೇ ಇದೀಯಲ್ಲೋ!"

ಅವನು ಮೂರು ಸಲ ಆ ಸಾಲು ನೋಡಿದ. "ಬರೋಕೆ ಮುಂಚೆ ಒಂದು ತಿಂಗಳು ಬೆಳಗಾಗೆದ್ದು ಓಡಿದ್ದೆ ಕಣಲೇ. ಅದು ಹತ್ತೈತೆ," ಎಂದ. ಬಸ್ ನಿಲ್ದಾಣದ ಎದುರು ನಿಂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಅವನು ಎರಡನೇ ಪ್ಲೇಟಿಗೂ ಹೇಳಿದ. ನಾನೂ ಬೇಡ ಅನ್ನಲಿಲ್ಲ.

ಮೂರು ವಾರ ಕಳೆದ ಮೇಲೆ ಕುದಾಪುರದ ಕಡೆಯ ಒಂದು ಕ್ಯಾಂಪಸ್ಸಿಗೆ ಗಾರ್ಡುಗಳ ಬಟ್ಟೆ ಕೊಡಲು ಹೋದೆ. ಗೇಟಿನ ಹೊರಗೆ ದನ ಮೇಯುವ ಕಾವಲಿನ ಹುಲ್ಲು ಹಣ್ಣಾಗಿ ನಿಂತಿತ್ತು. ಅಲ್ಲಿನ ಸೂಪರ್‌ವೈಸರು ಸೇನೆಯಿಂದ ನಿವೃತ್ತರಾದವರು, ಒಂದು ಹೊಲಿಗೆ ವಕ್ರವಾದರೂ ಹಿಡಿಯುವ ಮನುಷ್ಯ. ಬಟ್ಟೆ ಎಣಿಸಿ ಕೊಡುತ್ತಾ ಮಾತಿಗೆ ಮಾತು ಬಂದು, ನಮ್ಮವನೊಬ್ಬ ಟೇಪಿನಲ್ಲಿ ಇಪ್ಪತ್ತಾರಕ್ಕೆ ಬಿದ್ದಿದ್ದ, ಒಂದು ತಿಂಗಳು ಓಡಿದ, ಈಗ ನಾನೇ ಅಳೆದು ನೋಡಿದೆ, ಇಪ್ಪತ್ತೆರಡರ ಒಳಗೆ ಬಂದಿದ್ದಾನೆ ಎಂದು ಹೇಳಿಕೊಂಡೆ.

"ಒಂದು ತಿಂಗಳಿಗೆ ಇಪ್ಪತ್ತಾರರಿಂದ ಇಪ್ಪತ್ತೆರಡಾ?" ಅವರು ರಿಜಿಸ್ಟರಿನಿಂದ ತಲೆ ಎತ್ತಿದರು. "ಎಲ್ಲಿ ಅಳೆದ್ರಿ ಮಾಸ್ಟ್ರೇ?"

"ನಡ ಸಾರ್."

"ನಡ ಅಂದ್ರೆ ಎಲ್ಲಿ? ನನ್ನ ಮೇಲೆ ತೋರ್ಸಿ."

ಟೇಪು ತೆಗೆದು ಅವರ ಬೆಲ್ಟಿನ ಜಾಗಕ್ಕೆ ಸುತ್ತಿದೆ. ಅವರು ನಗಲು ಶುರು ಮಾಡಿದವರು, ನನ್ನ ಮುಖ ನೋಡಿ ನಿಲ್ಲಿಸಿದರು.

"ಇದು ಪ್ಯಾಂಟಿನ ನಡ. ಹೊಟ್ಟೆ ಇರೋರು ಪ್ಯಾಂಟು ಎಲ್ಲಿ ಹಾಕ್ತಾರೆ? ಹೊಟ್ಟೆ ಕೆಳಗೆ. ಅಲ್ಲಿ ಅಳೆದ್ರೆ ಹೊಟ್ಟೆ ಎಲ್ಲಿ ಬಂತು?" ನನ್ನ ಕೈ ಹಿಡಿದು ಟೇಪನ್ನು ಮೇಲಕ್ಕೆ ಎಳೆದು ತಮ್ಮ ಹೊಕ್ಕುಳ ಮೇಲೆ ತಂದರು. "ಇಲ್ಲಿ. ಸುತ್ತಲೂ ನೆಲಕ್ಕೆ ಸಮ. ಉಸಿರು ಬಿಟ್ಟ ಮೇಲೆ ಓದಬೇಕು. ಚರ್ಮಕ್ಕೆ ತಾಗಬೇಕು, ಅದುಮಬಾರದು. ಕತ್ತು ಹೆಂಗೆ ಅಳೆದ್ರಿ?"

ಅದನ್ನು ತೋರಿಸುವಾಗಲೇ ನನಗೆ ಗೊತ್ತಾಯಿತು. ನನ್ನ ತೋರುಬೆರಳು ತನ್ನಷ್ಟಕ್ಕೆ ತಾನೇ ಟೇಪಿನ ಒಳಗೆ ಹೋಗಿ ಕೂತಿತ್ತು.

ನಮ್ಮ ಕಸುಬಿನಲ್ಲಿ ಕಾಲರಿಗೆ ಅಳತೆ ತೆಗೆಯುವಾಗ ಒಂದು ಬೆರಳು ಒಳಗಿಡಲೇಬೇಕು, ಇಲ್ಲವಾದರೆ ಗುಂಡಿ ಹಾಕಿದವನಿಗೆ ಉಸಿರು ಕಟ್ಟುತ್ತದೆ. ಹೊಟ್ಟೆಯಿದ್ದವನ ನಡವನ್ನು ಹೊಟ್ಟೆಯ ಕೆಳಗೇ ಅಳೆಯಬೇಕು, ಆ ಅಂಕಿಯನ್ನು ಜೋರಾಗಿ ಹೇಳಬಾರದು. "ಗಿರಾಕಿ ಹೊಟ್ಟೆ ಗಿರಾಕಿ ಗುಟ್ಟು ಬೇಟಾ," ಎನ್ನುತ್ತಿದ್ದರು ಉಸ್ತಾದರು. ಬಟ್ಟೆಯ ಅಳತೆಯಲ್ಲಿ ಮರ್ಯಾದೆಯೂ ಸೇರಿರುತ್ತದೆ. ಆ ಮರ್ಯಾದೆ ಈಗ ಎರಡು ಕಡೆಯಿಂದಲೂ ಹವಾಲ್ದಾರನ ಕೊಬ್ಬನ್ನು ಬಚ್ಚಿಟ್ಟಿತ್ತು. ಕತ್ತನ್ನು ಹಿಗ್ಗಿಸಿತ್ತು, ನಡವನ್ನು ಕುಗ್ಗಿಸಿತ್ತು.

"ಮೂರು ಸಲ ಅಳೀರಿ," ಎಂದರು ಸೂಪರ್‌ವೈಸರು. "ನಮ್ಮ ಕಾಲದಾಗೆ ಅರ್ಧ ಸೆಂಟಿಮೀಟರಿಗೆ ತರ್ತಿದ್ರು. ಕತ್ತು ಮೇಲಿನ ಅರ್ಧಕ್ಕೆ, ನಡ ಕೆಳಗಿನ ಅರ್ಧಕ್ಕೆ. ಅಷ್ಟೇ ಅವರು ಕೊಡೋ ರಿಯಾಯಿತಿ. ಎಷ್ಟು ದಿನ ಐತೆ ಅವನಿಗೆ?"

ಬಟ್ಟೆಯ ಗಂಟಿನ ಹಗ್ಗವನ್ನೂ ಅಲ್ಲೇ ಬಿಟ್ಟು ಬಂದೆ.

ಅವತ್ತೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳಬಹುದಿತ್ತು, ಬಾಯಿ ಬರಲಿಲ್ಲ. ಬಸ್ಸು ತಳಕು ದಾಟಿತು, ಹಿರೇಹಳ್ಳಿ ದಾಟಿತು. ನಾನು ಸೀಟಿನಲ್ಲಿ ಕೂತೇ ನನ್ನ ಅಂಗಿಯ ಮೇಲೆ ಟೇಪು ಸುತ್ತಿ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಮುದುಕಿ ನನ್ನನ್ನೇ ನೋಡಿ ಸ್ವಲ್ಪ ಸರಿದು ಕೂತಳು. ಅವನ ಹೊಟ್ಟೆ ನಾನು ಎಣಿಸಿದಷ್ಟು ಇಲ್ಲದಿದ್ದರೆ? ಕತ್ತಿನಲ್ಲಿ ಅರ್ಧ, ನಡದಲ್ಲಿ ಒಂದು, ಅಷ್ಟೇ ವ್ಯತ್ಯಾಸ ಬಂದರೆ? ಹೀಗೆ ಲೆಕ್ಕ ಹಾಕುತ್ತಲೇ ಊರು ಬಂತು.

ಮನೆಯಲ್ಲಿ ಹವಾಲ್ದಾರ ಕಜ್ಜಾಯದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಅವನ ಹೆಂಡತಿ ಒಳಕೋಣೆಯ ಮಗ್ಗದಲ್ಲಿದ್ದಳು. ಅವನ ಅವ್ವ ಆಂಧ್ರದ ಕಡೆಯಿಂದ ಸೊಸೆಯಾಗಿ ಬಂದವಳು, ಈಗಲೂ ಅರ್ಧ ಮಾತು ತೆಲುಗು. "ರಾ ನಾಯನಾ, ಕೂತ್ಕೋ, ತಿನ್ನು," ಎಂದು ನನಗೂ ಎರಡು ಕಜ್ಜಾಯ ಹಾಕಿದಳು. ನಾನು ಮುಟ್ಟಲಿಲ್ಲ.

"ಅಂಗಿ ಬಿಚ್ಚಲೇ."

"ಇಲ್ಲೇನಲೇ? ಅವ್ವನ ಮುಂದೆ?"

"ಬಿಚ್ಚು."

ಹೊಕ್ಕುಳ ಮೇಲೆ, ನೆಲಕ್ಕೆ ಸಮ, ಉಸಿರು ಬಿಡಿಸಿ. ತೊಂಬತ್ತಾರು. ಗಂಟಲ ಗಂಟಿನ ಕೆಳಗೆ, ಬೆರಳಿಲ್ಲದೆ. ಮೂವತ್ತೆಂಟು. ಮೂರು ಸಲವೂ ಅದೇ. ಐವತ್ತೆಂಟು.

ಮಗ್ಗದ ಸದ್ದು ನಿಂತಿತ್ತು.

"ನಿನ್ನ ಟೇಪು ಹಳೇದಾಗಿ ಕೆಟ್ಟೈತೆ," ಎಂದ ಹವಾಲ್ದಾರ. ಅವನ ಹೆಂಡತಿ ಸೀರೆ ಅಳೆಯುವ ಮೀಟರ್ ಕಡ್ಡಿ ತಂದು ನೆಲದ ಮೇಲಿಟ್ಟಳು. ಅದರ ಮೇಲೆ ಟೇಪು ಹಾಸಿದೆವು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆಗ ಎಲ್ಲವನ್ನೂ ಹೇಳಿದೆ, ಬೆರಳಿನ ವಿಷಯ, ಪ್ಯಾಂಟಿನ ನಡದ ವಿಷಯ. ಅವನ ಮುಖ ಕೆಂಪಾಯಿತು.

"ಎಂಟನೇ ಕ್ಲಾಸು ಬಿಟ್ಟೋನ ಕೈಯಾಗೆ ನನ್ನ ನೌಕರಿ ಕೊಟ್ಟಿದ್ದು ನಂದೇ ತಪ್ಪು."

"ಪಿಯುಸಿ ಓದಿದೋನು ನೀನು. ಅಲ್ಲಿ ಟೇಪು ಹಿಡಿದಾಗ ಎಲ್ಲಿ ಹಿಡಿದ್ರು ಅಂತ ನೋಡಿಲ್ಲೇನಲೇ?"

"ನಾಚಿಕೆಗೆ ಸೂರು ನೋಡ್ತಾ ನಿಂತಿದ್ದೆ ಕಣೋ!"

"ಇಬ್ರೂ ಬಾಯಿ ಮುಚ್ರಿ," ಎಂದಳು ಅವನ ಹೆಂಡತಿ. ಕಜ್ಜಾಯದ ತಟ್ಟೆ ಎತ್ತಿಕೊಂಡಳು. "ಅಣ್ಣ, ಎಷ್ಟು ವಾರ ಐತೆ?"

ಐದು ವಾರ ಇತ್ತು. ಇಳಿಯಬೇಕಾದದ್ದು ಆರು ಸೆಂಟಿಮೀಟರು.

ನಾನು ಕ್ರಮ ಹಾಕಿದೆ. ಅಂಗಡಿಗೆ ರಜೆ ಇರುವ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ನಾನೇ ಬರುವುದು. ಅವನು ನೀರೂ ಕುಡಿಯದೆ, ಹೊರಕಡೆಗೆ ಹೋಗಿ ಬಂದು, ಪ್ರತಿ ಸಲ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು. ನನ್ನನ್ನು ಬಿಟ್ಟು ಯಾರೂ ಅಳೆಯಬಾರದು. ನಡುವೆ ಅವನೇ ಅಳೆದುಕೊಳ್ಳಬಾರದು. ಬೇರೆ ಕೈಯಲ್ಲಿ ಬೇರೆ ಅಂಕಿ ಬರುತ್ತದೆ, ಮನಸ್ಸು ಕೆಡುತ್ತದೆ.

ಅವನು ಊಟ ಬಿಟ್ಟ. ಹಗಲಿಗೆ ಮಜ್ಜಿಗೆ, ರಾತ್ರಿಗೆ ಅರ್ಧ ಮುದ್ದೆ. ಬೆಳಿಗ್ಗೆ ಬಂಡೆಗಳ ನಡುವಿನ ದಾರಿಯಲ್ಲಿ ಬೆಟ್ಟ ಹತ್ತಿ ಇಳಿಯುತ್ತಿದ್ದ. ಮೊದಲ ಭಾನುವಾರ ನಡ ತೊಂಬತ್ತಮೂರು ಬಂತು. ನಂಬಲಾಗಲಿಲ್ಲ. ಎರಡನೇ ಸಲ ಟೇಪು ಸುತ್ತುವಾಗ ಹೊಟ್ಟೆಯ ಮೇಲೆ ಅಡ್ಡಡ್ಡ ಗೆರೆಗಳು ಕಂಡವು, ಬಟ್ಟೆ ಬಿಗಿದ ಗುರುತು.

"ಏನಲೇ ಇದು?"

ಅವನು ಗೋಡೆ ನೋಡಿದ. ಅವ್ವನೇ ಬಾಯಿಬಿಟ್ಟಳು. ಬಾಣಂತಿಯರಿಗೆ ಕಟ್ಟುವ ಹಾಗೆ ಹಳೆಯ ಸೀರೆಯಿಂದ ಮಗನ ಹೊಟ್ಟೆ ಬಿಗಿದು ಮಲಗಿಸಿದ್ದಳು. "ನನಗೆ ಕಟ್ಟಿದ್ರು, ಇವಳಿಗೆ ನಾನು ಕಟ್ಟಿದೆ, ಇಬ್ರಿಗೂ ಹೊಟ್ಟೆ ಹೋಯ್ತು. ಇವನಿಗೆ ಯಾಕೆ ಹೋಗಲ್ಲ?"

"ಅವ್ವ, ಇವನೇನು ಹೆತ್ತಿದಾನೇನು?"

ಸೊಸೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ನಾನು ಮಧ್ಯಾಹ್ನದವರೆಗೆ ಕಾದು ಮತ್ತೆ ಅಳೆದೆ. ತೊಂಬತ್ತೈದು. ಸೀರೆ ಕದ್ದಿದ್ದನ್ನೆಲ್ಲ ಹೊಟ್ಟೆ ವಾಪಸ್ ಪಡೆದಿತ್ತು. ಅವತ್ತಿನಿಂದ ಸೀರೆ ಬಂದ್ ಎಂದು ಅವ್ವನ ಕೈಯಲ್ಲಿ ಮಾತು ತೆಗೆದುಕೊಂಡೆ.

ಎರಡನೇ ಭಾನುವಾರ ನಡ ತೊಂಬತ್ತೆರಡೂವರೆ, ಈ ಸಲ ಪ್ರಾಮಾಣಿಕವಾಗಿ. ಎಲ್ಲರ ಮುಖ ಅರಳಿತು. ನಾನು ಕತ್ತಿಗೆ ಟೇಪು ಹಾಕುವ ಮೊದಲೇ ನನ್ನ ಕಣ್ಣು ಅವನ ಅಂಗಿಯ ಮೇಲೆ ಬಿತ್ತು. ಅವನು ಬಿಚ್ಚಿ ಗೂಟಕ್ಕೆ ಹಾಕುವ ಮೊದಲು ನೋಡಿದ್ದೆ, ನಾನೇ ಹೊಲಿದ ಕಾಲರು ಕತ್ತಿನಿಂದ ದೂರ ನಿಂತಿತ್ತು. ಅಳೆದೆ. ಮೂವತ್ತೇಳು.

ಕತ್ತೂ ಇಳಿದಿತ್ತು. ನಡದಲ್ಲಿ ಮೂರೂವರೆ ಇಳಿಸಿ ಕತ್ತಿನಲ್ಲಿ ಒಂದು ಕಳೆದುಕೊಂಡಿದ್ದ. ಐವತ್ತೈದೂವರೆ.

"ಇನ್ನೂ ಊಟ ಕಡಿಮೆ ಮಾಡ್ತೀನಿ," ಎಂದ. ಕೆನ್ನೆ ಒಳಗೆ ಹೋಗಿತ್ತು, ಕಣ್ಣ ಕೆಳಗೆ ಕಪ್ಪು. ಅವನು ಗೋಡೆಗೆ ಆನಿಕೊಂಡು ನಿಂತದ್ದು ಅಳತೆಗೆ ಅಲ್ಲ, ನಿಲ್ಲಲು ಆಗದ್ದಕ್ಕೆ ಎಂದು ನನಗೆ ಆಗ ತಿಳಿಯಿತು. ಹೀಗೇ ಉಪವಾಸ ಮಾಡಿದರೆ ನಡದ ಜೊತೆ ಕತ್ತೂ ಸವೆಯುತ್ತದೆ. ಎರಡೂ ಜೊತೆಯಲ್ಲಿ ಇಳಿದರೆ ಕಳೆಯುವ ಲೆಕ್ಕಕ್ಕೆ ಏನು ಲಾಭ? ಅದನ್ನು ಅವನಿಗೆ ಹೇಳಿದೆ. ಹಾಗಾದರೆ ಏನು ಮಾಡಬೇಕು ಎಂದ. ಗೊತ್ತಿಲ್ಲ ಎಂದೆ. ಆ ಮಾತು ಹೇಳಿ ನನಗೆ ಅಭ್ಯಾಸವಿಲ್ಲ.

ಮರುದಿನ ಅಂಗಡಿಯಲ್ಲಿ ಕೈ ಕೆಲಸ ಮಾಡುತ್ತಿತ್ತು, ತಲೆ ಮೊಳಕಾಲ್ಮೂರಿನಲ್ಲಿತ್ತು. ಒಂದು ಜೇಬನ್ನು ತಲೆಕೆಳಗಾಗಿ ಹೊಲಿದು ಬಿಚ್ಚಿದೆ. ಆ ಹೊತ್ತಿಗೆ ಮಾರ್ಕೆಟ್ ಯಾರ್ಡಿನ ಹಮಾಲರ ಮೇಸ್ತ್ರಿ ಅಂಗಿಯ ಬಟ್ಟೆ ಹಿಡಿದು ಬಂದ. ಅವರು ಶೇಂಗಾ ಮೂಟೆಯನ್ನು ಕತ್ತಿನ ಬುಡಕ್ಕೆ ಆನಿಸಿ ಹೊರುವವರು. ಅವನ ಹಳೆಯ ಅಳತೆ ನನಗೆ ಬಾಯಿಪಾಠ, ಆದರೂ ಟೇಪು ಸುತ್ತಿದೆ, ಈ ಸಲ ಬೆರಳಿಲ್ಲದೆ. ಕತ್ತು ನಲವತ್ತೆರಡು. ನಡ ಎಂಬತ್ತು.

"ಏನ್ ಮಾಸ್ಟ್ರೇ, ನೇಣು ಹಾಕ್ತೀಯೇನು? ಬೆರಳು ಎಲ್ಲೋಯ್ತು?"

ನಾನು ಟೇಪು ಹಿಡಿದುಕೊಂಡೇ ನಿಂತೆ. ಹಮಾಲರ ಅಂಗಿಗೆ ಯಾವಾಗಲೂ ಕಾಲರು ದೊಡ್ಡದು, ನಡ ಸಣ್ಣದು. ಅವರ ಬಟ್ಟೆ ಕತ್ತರಿಸುವಾಗ ಬೇರೆಯೇ ಲೆಕ್ಕ ಹಿಡಿಯುತ್ತೇವೆ. ಇಷ್ಟು ವರ್ಷ ಅದೊಂದು ಕತ್ತರಿಯ ತೊಂದರೆ ಎಂದಷ್ಟೇ ನೋಡಿದ್ದೆ.

"ನಿನ್ನ ಗುಂಪಿನಾಗೆ ಒಬ್ಬನ್ನ ಸೇರಿಸ್ಕೊಂತೀಯಾ? ಮೂರು ವಾರ. ಕೂಲಿ ಬೇಡ."

"ಕೂಲಿ ಬೇಡ ಅನ್ನೋನು ಹುಚ್ಚ ಇರ್ಬೇಕು, ಇಲ್ಲಾಂದ್ರೆ ಕಳ್ಳ."

"ಹವಾಲ್ದಾರ."

ಹೇಳಿದ ಮೇಲೆ ಹೆದರಿಕೆ ಶುರುವಾಯಿತು. ನಲವತ್ತು ದಾಟಿದವನು, ಎರಡು ವಾರ ಹಸಿದವನು. ಒಂದು ಮೂಟೆ ಅಡ್ಡ ಬಿದ್ದು ಕತ್ತೋ ಬೆನ್ನೋ ಮುರಿದರೆ ಬಡ್ತಿಯಿರಲಿ, ನಡೆಯುವುದೇ ಕಷ್ಟ. ಬಿಟ್ಟರೆ ಐವತ್ತೈದೂವರೆಯಲ್ಲೇ ಹೋಗುತ್ತಾನೆ. ಮೊದಲ ಅಳತೆಯಲ್ಲಿ ಅವನಿಗೆ ಸುಳ್ಳು ಧೈರ್ಯ ಕೊಟ್ಟಿದ್ದವನು ನಾನು, ಹಾಗಾಗಿ ಈ ತೀರ್ಮಾನದ ಭಾರವೂ ನನ್ನದೇ ಆಗಿತ್ತು. ಫೋನು ಮಾಡಿದೆ.

"ಹೊಟ್ಟೆ ತುಂಬ ತಿಂದು ನಾಳೆ ಚಳ್ಳಕೆರೆಗೆ ಬಾ. ಹಳೇ ಬಟ್ಟೆ ತಾ."

"ಯಾಕಲೇ?"

"ಮೂಟೆ ಹೊರೋಕೆ."

"ಯೂನಿಫಾರಂ ಹಾಕಿದೋನು ಕಣಲೇ ನಾನು," ಎಂದ.

"ಅದು ಮೈಮೇಲೆ ಉಳೀಲಿ ಅಂತಾನೇ ಹೇಳ್ತಿರೋದು."

ಬಂದ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದ. ಯಾರ್ಡಿನಲ್ಲಿ ಮೊದಲ ದಿನ ಹಮಾಲರು ಅವನ ಸುತ್ತ ನಿಂತರು. "ಸಾಹೇಬ್ರೇ, ಬಂದೂಕು ಇದಕ್ಕಿಂತ ಹಗುರ ಇತ್ತಾ?" ಎಂದ ಒಬ್ಬ. "ಲೇ, ಸೆಲ್ಯೂಟ್ ಹೊಡೆದು ಮೂಟೆ ಕೊಡ್ರೋ," ಎಂದ ಇನ್ನೊಬ್ಬ. ಮೇಸ್ತ್ರಿ ಎಲ್ಲರನ್ನೂ ಬೈದು, ಅವನಿಗೆ ಮೊದಲು ಅರ್ಧ ತುಂಬಿದ ಮೂಟೆ ಹೊರಿಸಿದ. ಬೆನ್ನು ಹೇಗೆ ಬಗ್ಗಿಸಬೇಕು, ಮೂಟೆ ಕತ್ತಿನ ಬುಡಕ್ಕೆ ಹೇಗೆ ಕೂರಬೇಕು, ಹೆಜ್ಜೆ ಹೇಗೆ ಚಿಕ್ಕದಾಗಿರಬೇಕು ಎಂದು ಕೈ ಹಿಡಿದು ತೋರಿಸಿದ. ಹೊತ್ತು ಏರುವ ಮೊದಲೇ ಹವಾಲ್ದಾರ ಗೋದಾಮಿನ ಗೋಡೆಗೆ ಒರಗಿ ಕೂತುಬಿಟ್ಟ. ಹಮಾಲರು ಈಗ ನಗಲಿಲ್ಲ. ತಮ್ಮ ಬುತ್ತಿಯ ಮುದ್ದೆ, ಹುರುಳಿ ಸಾರು, ಬೇಯಿಸಿದ ಮೊಟ್ಟೆ ಅವನ ಮುಂದಿಟ್ಟರು. "ತಿನ್ನದೆ ಹೊತ್ರೆ ಮೂಟೆ ನಿನ್ನನ್ನ ತಿಂತೈತೆ," ಎಂದ ಮೇಸ್ತ್ರಿ.

ಮೂರನೇ ಭಾನುವಾರ ಐವತ್ತನಾಲ್ಕೂವರೆ. ಕತ್ತು ಅರ್ಧ ಸೆಂಟಿಮೀಟರು ವಾಪಸ್ ಬಂದಿತ್ತು.

ಅದರ ಮುಂದಿನ ವಾರ ನಾನು ಹೆದರಿದ್ದೇ ಆಯಿತು. ಲಾರಿಯಿಂದ ಇಳಿಸುವಾಗ ಮೂಟೆ ಓರೆಯಾಗಿ ಬಿದ್ದು ಅವನ ಕತ್ತು ಹಿಡಿದುಕೊಂಡಿತು. ಎಡಕ್ಕೆ ತಿರುಗಿಸಲು ಆಗದೆ, ಇಡೀ ಮೈ ತಿರುಗಿಸಿ ನನ್ನನ್ನು ನೋಡಿದ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಉಳುಕಿದೆ, ಸುಮ್ಮನಿರಲಿ ಎಂದರು ಡಾಕ್ಟರು. ಮೇಸ್ತ್ರಿ ಸಂಜೆ ಬಂದು ಬಿಸಿನೀರಿನ ಬಟ್ಟೆ ಇಟ್ಟು ಹೋದ. ಕತ್ತು ಊದಿತ್ತು.

ಭಾನುವಾರ ಬೆಳಿಗ್ಗೆ ಹವಾಲ್ದಾರ ತಾನೇ ಅಂಗಡಿಯ ಗೋಡೆಗೆ ಬಂದು ನಿಂತ. "ಅಳೀಯಲೇ. ಇವತ್ತು ಕತ್ತು ಜೋರಾಗೈತೆ."

"ಇವತ್ತು ಅಳೆಯಲ್ಲ."

"ಒಂದು ಸಲ ನೋಡೋಣ. ಮನಸ್ಸಿಗೆ ಸಮಾಧಾನ."

"ಅದು ಕತ್ತಲ್ಲ, ಬಾವು. ಬಾವಿನ ಸಮಾಧಾನ ನಿನಗೆ ಬೇಡ."

ಟೇಪನ್ನು ಮಿಷನ್ನಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ಆ ವಾರ ಅಂಕಿಯಿಲ್ಲದೆ ಕಳೆಯಿತು. ಅಂಕಿಯಿದ್ದಾಗಿನ ಹೆದರಿಕೆಗಿಂತ ಇದು ಕೆಟ್ಟದಾಗಿತ್ತು. ಬಾವು ಇಳಿದ ಮೇಲೆ ಅವನು ಮತ್ತೆ ಯಾರ್ಡಿಗೆ ಹೋದ, ಈ ಸಲ ನಾನು ಕಳಿಸಿದ್ದಲ್ಲ, ತಾನೇ ಹೋದ. ಹಮಾಲರು ಅವನಿಗೆ ಕೂಗುವ ಹೆಸರೂ ಬದಲಾಗಿತ್ತು. ಸಾಹೇಬ್ರೇ ಹೋಗಿ ಲೇ ಆಗಿತ್ತು.

ಹೊರಡುವ ದಿನ ಬೆಳಿಗ್ಗೆ ಮೊಳಕಾಲ್ಮೂರಿನ ಮನೆಯ ಅದೇ ಗೋಡೆ. ಹೆಗಲ ಚೀಲ ಬಾಗಿಲಲ್ಲಿತ್ತು. ಅವ್ವ ಬುತ್ತಿಯ ಡಬ್ಬಿಗೆ ಕಜ್ಜಾಯ, ಶೇಂಗಾ ಉಂಡೆ ತುಂಬಿ ಬಟ್ಟೆ ಕಟ್ಟುತ್ತಿದ್ದಳು. ಟೇಪು ತಾಗಿದ್ದಕ್ಕೆ ಅವನು ಬೆಚ್ಚಿದ. ಉಸಿರು ಬಿಡು ಎಂದೆ, ಬಿಟ್ಟ. ನಡ ತೊಂಬತ್ತೂವರೆ. ಕತ್ತು ಮೂವತ್ತೆಂಟು. ಎರಡನೇ ಸಲ ಅದೇ. ಮೂರನೇ ಸಲವೂ ಅದೇ.

ಐವತ್ತೆರಡೂವರೆ.

ಅವನ ಬೆನ್ನ ಹಿಂದೆ ಅವನ ಹೆಂಡತಿ ನಿಂತಿದ್ದಳು. ನನ್ನ ಮುಖದಲ್ಲೇ ಅಂಕಿ ಓದಿಕೊಂಡಳು. ನನ್ನನ್ನು ಬಾಗಿಲ ಕಡೆ ಕರೆದು ಮೆಲ್ಲಗೆ, "ಅಣ್ಣ, ಐವತ್ತೆರಡು ಅಂತ ಹೇಳ್ಬಿಡು. ಧೈರ್ಯದಾಗೆ ಹೋಗ್ಲಿ. ಅರ್ಧಕ್ಕೆ ಏನಾಗ್ತೈತೆ," ಎಂದಳು.

ನನ್ನ ಕಸುಬು ಹೇಳಿಕೊಟ್ಟದ್ದೂ ಅದನ್ನೇ. ಗಿರಾಕಿ ಮನಸ್ಸು ನೋಯಬಾರದು. ನಾನು ಗೋಡೆಯ ಹತ್ತಿರ ವಾಪಸ್ ಬಂದೆ.

"ಎಷ್ಟಲೇ?"

"ಐವತ್ತೆರಡೂವರೆ. ಇನ್ನೂ ಅರ್ಧ ಜಾಸ್ತಿ ಐತೆ."

ಅವನು ಅಂಗಿ ಹಾಕಿಕೊಂಡ. ಒಂದೊಂದೇ ಗುಂಡಿ. ನನ್ನ ಮುಖ ನೋಡಲಿಲ್ಲ. ಅವ್ವ ಕೊಟ್ಟ ಡಬ್ಬಿ ತೆಗೆದುಕೊಂಡು, ಅವಳ ಕಾಲು ಮುಟ್ಟಿ ನಮಸ್ಕರಿಸಿ, ಬಳ್ಳಾರಿಯ ಬಸ್ಸು ಹತ್ತಿದ. ಅಲ್ಲಿಂದ ರೈಲು. ಅವನ ಹೆಂಡತಿ ನನ್ನ ಜೊತೆ ಮಾತಾಡದೆ ಮಗ್ಗಕ್ಕೆ ಹೋಗಿ ಕೂತಳು. ಲಾಳಿ ಅತ್ತಿತ್ತ ಬೀಳುವ ಸದ್ದು ಬೀದಿಯ ಕೊನೆಯವರೆಗೂ ನನಗೆ ಕೇಳಿಸುತ್ತಿತ್ತು.

ಅವನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಯಾರ್ಡಿನ ಮೇಸ್ತ್ರಿ ದಿನಾ ಅಂಗಡಿಯ ಮುಂದೆ ಹೋಗುವಾಗ ಕತ್ತೆತ್ತಿ ಕೇಳುತ್ತಿದ್ದ, ನಾನು ಇನ್ನೂ ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅರ್ಧ ಸೆಂಟಿಮೀಟರು ಅಂದರೆ ಎಷ್ಟು? ಸೀಮೆಸುಣ್ಣದ ಗೆರೆಯ ಆ ಕಡೆ ಕತ್ತರಿ ಹೋಯಿತೋ ಈ ಕಡೆ ಹೋಯಿತೋ ಅನ್ನುವಷ್ಟು. ಅಷ್ಟನ್ನು ಬಾಯಲ್ಲಿ ನುಂಗಿದ್ದರೆ ಆಗುತ್ತಿತ್ತ? ಹೊಲಿಯುತ್ತಾ ಹೊಲಿಯುತ್ತಾ ಇದೇ ಯೋಚನೆ.

ಒಂದು ಮಧ್ಯಾಹ್ನ, ಮಿಷನ್ ತುಳಿಯುತ್ತಿದ್ದಾಗ, ಫೋನು ಹೊಡೆದುಕೊಂಡಿತು.

"ಲೇ."

"ಹೇಳು."

"ಮೂರು ಸಲ ಹಿಡಿದ್ರು ಕಣಲೇ. ಈ ಸಲ ಸೂರು ನೋಡ್ಲಿಲ್ಲ. ಟೇಪನ್ನೇ ನೋಡ್ತಾ ನಿಂತೆ. ಹೊಕ್ಕುಳ ಮೇಲೇ ಇಟ್ರು."

"ಎಷ್ಟಲೇ?"

"ಐವತ್ತೆರಡು."

ನಾನು ಮಿಷನ್ನಿನ ಚಕ್ರ ಹಿಡಿದುಕೊಂಡೆ. ಆ ಕಡೆ ಯಾರೋ ಕೂಗುತ್ತಿದ್ದರು, ಗಾಳಿಯ ಸದ್ದು ಬರುತ್ತಿತ್ತು.

"ಅವ್ವನ ಡಬ್ಬಿ ರೈಲಿನಾಗೆ ತೆಗೀಲೇ ಇಲ್ಲ," ಎಂದ. "ಬೋಗಿಯವ್ರೆಲ್ಲ ನನ್ನ ಮುಂದೇನೇ ಉಣ್ತಿದ್ರು. ನಾನು ಮೊಟ್ಟೆ, ಮೊಸರು ಅಷ್ಟೇ ತಿಂದೆ, ಸ್ಟೇಷನ್ ಬಂದಾಗೆಲ್ಲ ಇಳಿದು ನಡೆದೆ. ನೀನು ಐವತ್ತೆರಡು ಅಂದಿದ್ರೆ ಗುಂತಕಲ್ ಬರೋ ಹೊತ್ತಿಗೆ ಡಬ್ಬಿ ಖಾಲಿ ಕಣಲೇ."

"ಈಗೆಲ್ಲಿ ಐತೆ ಡಬ್ಬಿ?"

"ಇಲ್ಲಿ. ಬಾಯಾಗೆ," ಎಂದ. ಕಜ್ಜಾಯ ಅಗಿಯುವುದು ನನಗೆ ಕೇಳಿಸಿತು.

ಸಂಜೆ ಅವನ ಹೆಂಡತಿ ಫೋನು ಮಾಡಿ, "ಅಣ್ಣ, ಊಟಕ್ಕೆ ಬಾ," ಎಂದಳು. ಬೇರೆ ಏನೂ ಹೇಳಲಿಲ್ಲ. ಮೇಸ್ತ್ರಿಗೆ ನಾನು ಯಾರ್ಡಿಗೇ ಹೋಗಿ ಹೇಳಿ ಬಂದೆ. ಹವಾಲ್ದಾರನ ಹೆಸರು ಕೋರ್ಸಿಗೆ ಹೋಗಿದೆ. ಕೋರ್ಸು ಇನ್ನೂ ಮುಂದಿದೆ, ಪಾಸಾಗಬೇಕು. ಅದಕ್ಕೆ ನನ್ನ ಟೇಪು ಬೇಕಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಓದು ಏಳೂವರೆ ಕ್ಲಾಸು, ಹೊಲಿಗೆ ಮಿಷನ್ನು ಮೂರು, ಕಾಜಾ ಮಿಷನ್ನು ಒಂದು, ಕತ್ತರಿ ಎರಡು, ಹವಾಲ್ದಾರ ಕಳಿಸಿರುವ ಎರಡು ಅಂಗಿಯ ಬಟ್ಟೆ, ಬೇರೆ ಬೇರೆ ಮೊಳೆಗೆ ನೇತುಹಾಕಿದ ಟೇಪು ಎರಡು. ಒಂದರಲ್ಲಿ ಬೆರಳಿಡುತ್ತೇನೆ. ಇನ್ನೊಂದರಲ್ಲಿ ಇಡುವುದಿಲ್ಲ.